ಬೆನ್ನಿಗೆಷ್ಟು, ಸರಪಳಿಗೆಷ್ಟು: ಭಾರ ಎತ್ತುವ ಕೈಸಾಧನಗಳ ಸುತ್ತಣ ಚರ್ಚೆ

ವರ್ಕ್‌ಶಾಪಿನಲ್ಲಿ ಎಂಜಿನ್ ಇಳಿಸಲು, ಕಟ್ಟಡದ ಕೆಲಸದಲ್ಲಿ ಕಲ್ಲು, ಕಬ್ಬಿಣ, ಗಾರೆಯನ್ನು ಮೇಲಕ್ಕೆ ಸಾಗಿಸಲು ಬಳಸುವ ಕೈಸಾಧನಗಳ ಪಟ್ಟಿ ಉದ್ದವಾದದ್ದೇನಲ್ಲ. ಹಾರೆ, ಬೆಣೆ, ಉರುಳೆ, ರಾಟೆ ಮತ್ತು ಹಗ್ಗ, ಕೈವಿಂಚ್, ತಿರುಪಿನ ಜಾಕ್, ಹೈಡ್ರಾಲಿಕ್ ಜಾಕ್, ಚೈನ್ ಬ್ಲಾಕ್, ಒಂಟಿಗಾಲಿಯ ಕೈಗಾಡಿ. ಹೆಚ್ಚುಕಡಿಮೆ ಇಷ್ಟರಲ್ಲಿ ಮುಗಿಯುತ್ತದೆ. ಇವೆಲ್ಲಕ್ಕೂ ಶಕ್ತಿ ಬರುವುದು ಮನುಷ್ಯನ ಮೈಯಿಂದಲೇ. ಸಾಧನ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಸಾಮಾನ್ಯವಾಗಿ ಹಾಕಬೇಕಾದ ಬಲವನ್ನು ತಗ್ಗಿಸಿ, ಅದಕ್ಕೆ ಬದಲಾಗಿ ಎಳೆಯಬೇಕಾದ ಅಥವಾ ತಿರುಗಿಸಬೇಕಾದ ದೂರವನ್ನು ಹೆಚ್ಚಿಸುತ್ತದೆ.

ಸಾಧನಗಳು ಹಳೆಯವಾದರೂ ಅವುಗಳ ಸುತ್ತಣ ಚರ್ಚೆ ಹಳೆಯದಾಗಿಲ್ಲ. ಕೈಬಲದಿಂದಲೇ ಎತ್ತಬೇಕಾದಲ್ಲಿ ಏನನ್ನು ಬದಲಿಸಬೇಕು? ಎತ್ತುವವರ ಭಂಗಿಯನ್ನೋ, ಹೊರೆಯ ತೂಕವನ್ನೋ, ಸಾಧನವನ್ನೋ? ಅಥವಾ ಮನುಷ್ಯರನ್ನೇ ಆ ಕೆಲಸದಿಂದ ಬಿಡಿಸಿ ಯಂತ್ರ ತರುವುದೇ ಸರಿಯೋ? ವೈದ್ಯರು, ಎಂಜಿನಿಯರುಗಳು, ಕಾನೂನು ರೂಪಿಸಿದವರು, ಅರ್ಥಶಾಸ್ತ್ರಜ್ಞರು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಪ್ರತಿಯೊಂದು ಉತ್ತರದಲ್ಲೂ ಸತ್ಯಾಂಶವಿದೆ, ಆದರೆ ಎಲ್ಲದಕ್ಕೂ ಸಮಾನವಾದ ಪುರಾವೆಯಿಲ್ಲ.

ಇಳಿಜಾರೇ, ರಾಟೆಯೇ?

ಭಾರ ಎತ್ತುವ ಬಗೆಯ ಕುರಿತ ವಾದ ಪ್ರಾಚೀನರ ಬರಹಗಳಲ್ಲೇ ಶುರುವಾಗುತ್ತದೆ. ಈಜಿಪ್ಟಿನ ಪಿರಮಿಡ್ಡಿನ ಕಲ್ಲುಗಳನ್ನು ಗಿಡ್ಡ ಮರದ ತುಂಡುಗಳಿಂದ ಮಾಡಿದ ಯಂತ್ರಗಳ ನೆರವಿನಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸಲಾಯಿತೆಂದು ಹೆರೊಡೊಟಸ್ ಬರೆದ. ಮಣ್ಣಿನ ದಿಬ್ಬಗಳ ಮೇಲೆ ಎಳೆದು ತರಲಾಯಿತೆಂದು ಡಿಯೋಡೋರಸ್ ಬರೆದ. ಇಬ್ಬರೂ ಪಿರಮಿಡ್ಡುಗಳು ಎದ್ದು ಎರಡು ಸಾವಿರ ವರ್ಷ ಕಳೆದ ಮೇಲಿನವರು, ಕೇಳಿದ್ದನ್ನು ಬರೆದವರು. ಇಂದಿನ ಪುರಾತತ್ವಜ್ಞರಲ್ಲಿ ಬಹುಪಾಲು ಜನ ಇಳಿಜಾರಿನ ಕಡೆಗಿದ್ದಾರೆ. ಇಳಿಜಾರು ನೇರವಾಗಿತ್ತೋ, ಸುತ್ತಿಕೊಂಡು ಹೋಗುತ್ತಿತ್ತೋ, ತುದಿಯ ಹತ್ತಿರ ಸನ್ನೆಗೋಲುಗಳ ಪಾತ್ರವೆಷ್ಟು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ.

ಗ್ರೀಸಿನಲ್ಲಿ ಕಲ್ಲುಗಳೇ ಸಾಕ್ಷಿ ಹೇಳುತ್ತವೆ. ಕ್ರಿ.ಪೂ. 6ನೇ ಶತಮಾನದ ಕೊನೆಯ ಭಾಗದಿಂದ ದೇಗುಲದ ಕಲ್ಲುಗಳಲ್ಲಿ ಇಕ್ಕಳ ಕಚ್ಚಿದ ಗುರುತುಗಳೂ, ಕಬ್ಬಿಣದ ಹಿಡಿಕೆ ಕೂರಿಸಲು ಕೊರೆದ ರಂಧ್ರಗಳೂ ಕಾಣಸಿಗುತ್ತವೆ. ಇದನ್ನು ಆಧರಿಸಿ ಜೆ. ಜೆ. ಕೌಲ್ಟನ್ 1974ರಲ್ಲಿ, ರಾಟೆ ಮತ್ತು ಉರುಳೆ ಕೂಡಿದ ಕ್ರೇನ್ ಗ್ರೀಕರಲ್ಲಿ ಬಳಕೆಗೆ ಬಂದದ್ದು ಆ ಕಾಲದಲ್ಲೆಂದು ವಾದಿಸಿದರು. ಆದರೆ ಕೊರಿಂಥ್ ಮತ್ತು ಇಸ್ತ್‌ಮಿಯಾದ ಇನ್ನೂ ಹಳೆಯ ದೇಗುಲದ ಕಲ್ಲುಗಳಲ್ಲಿ ಹಗ್ಗ ಹಾಯಿಸಲು ಕೊರೆದ ಜೋಡಿ ತೋಡುಗಳಿವೆ. 2019ರಲ್ಲಿ ಅಲೆಸ್ಸಾಂಡ್ರೊ ಪಿಯರಾಟಿನಿ ಅವುಗಳನ್ನು ಪರಿಶೀಲಿಸಿ, ಕ್ರಿ.ಪೂ. 7ನೇ ಶತಮಾನದಲ್ಲೇ ಕ್ರೇನಿನ ಪೂರ್ವರೂಪವೊಂದು ಅಲ್ಲಿತ್ತೆಂದು ತೋರಿಸಲು ಯತ್ನಿಸಿದರು. ಚರ್ಚೆ ಬರಿಯ ಕಾಲನಿರ್ಣಯದ್ದಲ್ಲ. ಇಳಿಜಾರಿಗೆ ಬೇಕಾದದ್ದು ಜನಸಮೂಹ ಮತ್ತು ಅವರನ್ನು ಒಟ್ಟಿಗೆ ಎಳೆಯುವಂತೆ ಮಾಡುವ ಅಧಿಕಾರ. ಕ್ರೇನಿಗೆ ಬೇಕಾದದ್ದು ಕೆಲವೇ ಜನ ನುರಿತ ಕೆಲಸಗಾರರು. ಹೆಚ್ಚು ಜನರೋ, ಒಳ್ಳೆಯ ಸಾಧನವೋ ಎಂಬ ಆ ಆಯ್ಕೆ ಇಂದಿನ ಕಟ್ಟಡದ ಕೆಲಸದಲ್ಲೂ ಹಾಗೇ ಇದೆ.

ಕರ್ನಾಟಕದ ಎರಡು ಗೊಮ್ಮಟ ಮೂರ್ತಿಗಳು ಈ ಆಯ್ಕೆಯ ಎರಡು ಮುಖಗಳನ್ನು ತೋರಿಸುತ್ತವೆ. ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ತುದಿಯ ಬಂಡೆಯಲ್ಲೇ ಕೆತ್ತಲಾಯಿತು. ಎತ್ತುವ ಪ್ರಶ್ನೆಯೇ ಏಳಲಿಲ್ಲ. 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಮೂರ್ತಿ ಬೇರೆಡೆ ಕೆತ್ತಿ ಅನೇಕ ಗಾಲಿಗಳ ಬಂಡಿಯ ಮೇಲೆ ಬೆಟ್ಟಕ್ಕೆ ಏರಿಸಿದ್ದೆಂಬುದು ಪರಂಪರೆಯ ಮಾತು. ತಂಜಾವೂರಿನ ಬೃಹದೀಶ್ವರ ದೇಗುಲದ ಶಿಖರದ ಕಲ್ಲನ್ನು ಹಲವು ಕಿಲೋಮೀಟರು ಉದ್ದದ ಇಳಿಜಾರಿನ ಮೇಲೆ ಎಳೆದು ತಂದರೆಂಬ ಕತೆ ಜನಪ್ರಿಯವಾಗಿದೆ. ಆದರೆ ಆ ಶಿಖರ ಒಂದೇ ಕಲ್ಲಿನದೆಂಬುದನ್ನೇ ಒಪ್ಪದ ವಿದ್ವಾಂಸರಿದ್ದಾರೆ.

ಸಾಧನಗಳನ್ನು ಶಾಸ್ತ್ರವಾಗಿ ವಿಂಗಡಿಸಿದವನು ಅಲೆಕ್ಸಾಂಡ್ರಿಯದ ಹೀರೊ. ಅವನ ಯಂತ್ರಶಾಸ್ತ್ರದ ಗ್ರಂಥ ಅರಬ್ಬೀ ಅನುವಾದದಲ್ಲಿ ಉಳಿದುಬಂದಿದೆ. ಉರುಳೆ, ಸನ್ನೆ, ರಾಟೆ, ಬೆಣೆ, ತಿರುಪು ಎಂಬ ಐದು ಸರಳ ಯಂತ್ರಗಳನ್ನು ಅವನು ಹೆಸರಿಸುತ್ತಾನೆ. ರೋಮಿನ ವಿಟ್ರುವಿಯಸ್ ಮೂರು ರಾಟೆಯ, ಐದು ರಾಟೆಯ ಎತ್ತುಗಗಳನ್ನು ವರ್ಣಿಸಿದ. 13ನೇ ಶತಮಾನದ ವಿಲಾರ್ ದ ಹೊನೆಕೂರನ ಚಿತ್ರಪುಸ್ತಕದಲ್ಲಿ ತಿರುಪಿನಿಂದ ಭಾರ ಎತ್ತುವ ಸಾಧನವಿದೆ. 1586ರಲ್ಲಿ ದೊಮೆನಿಕೊ ಫೊಂತಾನ ವ್ಯಾಟಿಕನ್ನಿನ 300 ಟನ್ನಿಗೂ ಮೀರಿದ ಏಕಶಿಲಾ ಸ್ತಂಭವನ್ನು ಎತ್ತಿ ನಿಲ್ಲಿಸಿದಾಗ ಸುಮಾರು 900 ಜನ, ಕುದುರೆಗಳು ಹಾಗೂ ಸುತ್ತ ನಡೆದು ತಿರುಗಿಸುವ 40 ಉರುಳೆಗಳು ಬೇಕಾದವು. ಕೈಬಲದ ಯುಗದ ಮಹಾಸಾಹಸಗಳಲ್ಲೊಂದು ಅದು. ಮುಂದೆ ಉಗಿಯಂತ್ರ ಬಂತು. ದೊಡ್ಡ ಭಾರಗಳು ಕೈಸಾಧನಗಳ ಕೈತಪ್ಪಿದವು. ನೂರು ಕಿಲೋದಿಂದ ಕೆಲವು ಟನ್ನಿನವರೆಗಿನ ಭಾರ ಮಾತ್ರ ಅವುಗಳಿಗೇ ಉಳಿಯಿತು, ಇಂದಿಗೂ ಉಳಿದಿದೆ.

ಚೈನ್ ಬ್ಲಾಕಿನ ಒಳಗುಟ್ಟು

ಈ ಮಧ್ಯಮ ಭಾರಗಳ ಲೋಕವನ್ನು ಬದಲಿಸಿದ್ದು 19ನೇ ಶತಮಾನದ ಎರಡು ಸಾಧನಗಳು. ಒಂದು ಹೈಡ್ರಾಲಿಕ್ ಜಾಕ್. ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸಿನ ತತ್ವವನ್ನೇ ಕೈಯಲ್ಲಿ ಹೊತ್ತೊಯ್ಯುವ ಜಾಕ್ ಆಗಿಸಿ, ನ್ಯೂಯಾರ್ಕಿನ ರಿಚರ್ಡ್ ಡಡ್ಜನ್ 1851ರಲ್ಲಿ ಪೇಟೆಂಟ್ ಪಡೆದ. ಇನ್ನೊಂದು, ಥಾಮಸ್ ಆಲ್ಡ್ರಿಜ್ ವೆಸ್ಟನ್ 1850ರ ದಶಕದ ಕೊನೆಗೆ ರೂಪಿಸಿದ ವ್ಯತ್ಯಾಸ ರಾಟೆ. ಬರ್ಮಿಂಗ್‌ಹ್ಯಾಮಿನ ಟ್ಯಾಂಗೈ ಸಹೋದರರು ಅದನ್ನು ತಯಾರಿಸಿ ಮಾರಿದರು.

ವೆಸ್ಟನ್ನನ ರಾಟೆಯ ತರ್ಕ ಅರ್ಥಮಾಡಿಕೊಳ್ಳಲು ತಕ್ಕದ್ದು. ಮೇಲಿನ ಬ್ಲಾಕಿನಲ್ಲಿ ಒಂದಕ್ಕೊಂದು ಬೆಸೆದ ಎರಡು ಹಲ್ಲುಗಾಲಿಗಳಿವೆ. ದೊಡ್ಡದಕ್ಕೆ 12 ಹಲ್ಲು, ಚಿಕ್ಕದಕ್ಕೆ 11 ಎಂದಿಟ್ಟುಕೊಳ್ಳೋಣ. ಸರಪಳಿ ಎರಡನ್ನೂ ಬಳಸಿಕೊಂಡು ಕೆಳಗಿನ ರಾಟೆಯನ್ನು ಹಾದು ಬರುತ್ತದೆ. ಒಂದು ಸುತ್ತಿಗೆ ದೊಡ್ಡ ಗಾಲಿ 12 ಕೊಂಡಿ ಮೇಲೆಳೆದುಕೊಳ್ಳುತ್ತದೆ, ಚಿಕ್ಕದು 11 ಕೊಂಡಿ ಕೆಳಗೆ ಬಿಡುತ್ತದೆ. ಉಳಿದ ಒಂದು ಕೊಂಡಿ ಎರಡು ಎಳೆಗಳ ನಡುವೆ ಹಂಚಿಹೋಗಿ, ಭಾರ ಮೇಲೇರುವುದು ಅರ್ಧ ಕೊಂಡಿಯಷ್ಟು ಮಾತ್ರ. 12 ಕೊಂಡಿ ಎಳೆದರೆ ಅರ್ಧ ಕೊಂಡಿ ಏರಿಕೆ, ಅಂದರೆ 24ಕ್ಕೆ 1. ಘರ್ಷಣೆ ಇಲ್ಲದಿದ್ದರೆ 240 ಕೆಜಿ ಭಾರಕ್ಕೆ 10 ಕೆಜಿ ಎಳೆತ ಸಾಕಿತ್ತು. ಆದರೆ ಘರ್ಷಣೆ ಇಲ್ಲಿ ಅರ್ಧಕ್ಕಿಂತ ಹೆಚ್ಚು ಬಲವನ್ನು ನುಂಗುತ್ತದೆ. ಈ ಸಾಧನದ ಸುರಕ್ಷತೆ ಇರುವುದೂ ಅದರಲ್ಲೇ. ದಕ್ಷತೆ ಅರ್ಧಕ್ಕಿಂತ ಕಡಿಮೆಯಿದ್ದಾಗ, ಕೈಬಿಟ್ಟರೂ ಭಾರಕ್ಕೆ ಸರಪಳಿಯನ್ನು ಹಿಂದಕ್ಕೆಳೆಯುವ ಶಕ್ತಿ ಉಳಿಯದು. ಭಾರ ನಿಂತಲ್ಲೇ ನಿಲ್ಲುತ್ತದೆ.

ಇಂದಿನ ವರ್ಕ್‌ಶಾಪುಗಳಲ್ಲಿ ತೂಗುವ ಚೈನ್ ಬ್ಲಾಕ್ ಬೇರೆ ಜಾತಿಯದು. ಅದರೊಳಗೆ ಗೇರುಗಳಿವೆ, ದಕ್ಷತೆ ಚೆನ್ನಾಗಿದೆ, ಆದ್ದರಿಂದ ಭಾರವನ್ನು ಹಿಡಿದಿಡಲು ಬ್ರೇಕ್ ಬೇಕು. ಆ ಬ್ರೇಕಿನ ಬಗೆಗೂ ವೆಸ್ಟನ್ನನ ಹೆಸರೇ ಇದೆ. ತಿರುಪಿನ ಮೇಲೆ ಕೂತ ಘರ್ಷಣೆಯ ಬಿಲ್ಲೆಗಳು, ಅವುಗಳ ನಡುವೆ ಗರಗಸದ ಹಲ್ಲಿನ ಗಾಲಿ, ಅದನ್ನು ಒಂದೇ ದಿಕ್ಕಿಗೆ ತಿರುಗಗೊಡುವ ಚಿಲಕ. ಭಾರ ಬೀಳಲು ಹವಣಿಸಿದಷ್ಟೂ ತಿರುಪು ಬಿಗಿಯಾಗಿ ಬಿಲ್ಲೆಗಳನ್ನು ಅಮುಕುತ್ತದೆ. ಭಾರವೇ ತನ್ನ ಬ್ರೇಕನ್ನು ತಾನು ಹಾಕಿಕೊಳ್ಳುತ್ತದೆ. ಏರಿಸುವಾಗ ಕೇಳುವ ಟಿಕ್‌ಟಿಕ್ ಸದ್ದು ಚಿಲಕ ಹಲ್ಲುಗಳ ಮೇಲೆ ಜಿಗಿಯುವುದರದ್ದು. ಇಳಿಸುವಾಗ ಆ ಸದ್ದಿರುವುದಿಲ್ಲ. ಏರಿಸುವಾಗಲೂ ಸದ್ದು ಬಾರದಿದ್ದರೆ ಚಿಲಕವೋ ಅದರ ಸ್ಪ್ರಿಂಗೋ ಕೆಟ್ಟಿದೆಯೆಂದರ್ಥ. ಅಂಥ ಬ್ಲಾಕಿಗೆ ಭಾರ ಹಾಕಬಾರದು. ಸರಾಗವಾಗಿ ಓಡಲೆಂದು ಬ್ರೇಕಿನ ಬಿಲ್ಲೆಗಳ ಮೇಲೆ ಎಣ್ಣೆ ಸುರಿಯುವ ಅಭ್ಯಾಸ ಕೆಲವೆಡೆ ಇದೆ. ಭಾರವನ್ನು ಹಿಡಿದಿಟ್ಟ ಘರ್ಷಣೆಯನ್ನೇ ಅದು ಕಿತ್ತುಹಾಕುತ್ತದೆ.

ಒಬ್ಬರೇ ಎಳೆಯುವುದಕ್ಕಾಗಿ ಮಾಡಿದ ಸಾಧನ ಇದು. 40ಕ್ಕೆ 1ರ ಅನುಪಾತ, ಶೇ 80ರ ದಕ್ಷತೆಯಿದ್ದರೆ ಒಂದು ಟನ್ನಿಗೆ ಸುಮಾರು 31 ಕೆಜಿ ಎಳೆತ ಬೇಕು. ಒಬ್ಬರ ಕೈಗೆ ಬಗ್ಗುತ್ತಿಲ್ಲವೆಂದರೆ ಭಾರ ಮಿತಿ ಮೀರಿದೆ, ಇಲ್ಲವೇ ಒಳಗೆ ಏನೋ ಸಿಕ್ಕಿಕೊಂಡಿದೆ. ಇನ್ನೊಬ್ಬರನ್ನು ಕರೆದು ಇಬ್ಬರೂ ಜೋತುಬಿದ್ದು ಎಳೆಯುವುದೆಂದರೆ ಸಾಧನ ಕೊಡುತ್ತಿರುವ ಎಚ್ಚರಿಕೆಯನ್ನು ಕಡೆಗಣಿಸಿದಂತೆ.

ಮೊದಲ ಪಂಥ: ಎತ್ತುವ ಭಂಗಿ

20ನೇ ಶತಮಾನದ ನಡುಭಾಗದಿಂದ ಕಾರ್ಖಾನೆಗಳ ಗೋಡೆಗಳ ಮೇಲೆ ಹೆಚ್ಚು ಕಾಣಿಸಿದ ಉತ್ತರ ಭಂಗಿಯದು: ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು, ಹೊರೆಯನ್ನು ಮೈಗೆ ಹತ್ತಿರ ಹಿಡಿದು ಎತ್ತಿ. ಇದರ ಹಿಂದೆ ಗಟ್ಟಿಯಾದ ಯಂತ್ರಶಾಸ್ತ್ರವೇ ಇದೆ. ಬಾಗಿ ಎತ್ತುವವರ ಬೆನ್ನು ಒಂದು ಸನ್ನೆ, ಅದೂ ತೀರಾ ಅನನುಕೂಲವಾದ ಸನ್ನೆ. ಬೆನ್ನುಮೂಳೆಯ ತಳದ ಬಿಲ್ಲೆಯೇ ಆನಿಕೆ. ಹೊರೆ ಅದರಿಂದ 40 ಸೆಂ.ಮೀ. ಮುಂದೆ ಇದ್ದರೆ, ಅದನ್ನು ತಡೆಯುವ ಬೆನ್ನಿನ ಸ್ನಾಯು ಹಿಂದೆ ಇರುವುದು ಸುಮಾರು 5 ಸೆಂ.ಮೀ. ದೂರದಲ್ಲಿ. 20 ಕೆಜಿ ಹೊರೆಗೆ ಸ್ನಾಯು 160 ಕೆಜಿಯಷ್ಟು ಎಳೆಯಬೇಕು. ಬಾಗಿದ ಮೈಯ ತೂಕದ ಲೆಕ್ಕ ಬೇರೆ. ಅಷ್ಟೂ ಒತ್ತಡ ಬೀಳುವುದು ಆ ಬಿಲ್ಲೆಯ ಮೇಲೆ. ಹಾರೆಯಲ್ಲಿ ಮನುಷ್ಯ ಉದ್ದದ ತುದಿಯನ್ನು ತಾನಿಟ್ಟುಕೊಂಡು ಗಿಡ್ಡ ತುದಿಯನ್ನು ಭಾರಕ್ಕೆ ಕೊಡುತ್ತಾನೆ. ಬೆನ್ನಿನಲ್ಲಿ ಅದು ತಿರುವುಮುರುವಾಗಿದೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬಿಲ್ಲೆಯೊಳಗಿನ ಒತ್ತಡವನ್ನೇ ಅಳೆದು, ಬಾಗಿ ಎತ್ತಿದಾಗ ಅದು ಹೇಗೆ ಏರುತ್ತದೆಂದು ತೋರಿಸಿದ ಮೇಲೆ ಈ ಪಂಥಕ್ಕೆ ಬಲ ಬಂತು.

ಆದರೆ ಲೆಕ್ಕ ಹೇಳುವುದು ಹೊರೆಯ ದೂರವನ್ನು, ಮಂಡಿಯನ್ನಲ್ಲ. ಮಂಡಿ ಮಡಿಸಿ ಕೂತಾಗ ಹೊರೆ ಮಂಡಿಗಳ ನಡುವೆ ಹಿಡಿಸದಷ್ಟು ಅಗಲವಿದ್ದರೆ ಅದು ಮೈಯಿಂದ ಇನ್ನೂ ದೂರವೇ ಹೋಗುತ್ತದೆ. 1999ರಲ್ಲಿ ಯಾಪ್ ವಾನ್ ಡೀನ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒರೆಗೆ ಹಚ್ಚಿ, ಬಾಗಿ ಎತ್ತುವುದಕ್ಕಿಂತ ಕೂತು ಎತ್ತುವುದೇ ಮೇಲೆಂದು ಸಾರಾಸಗಟಾಗಿ ಹೇಳಲು ಆಧಾರ ಸಾಲದೆಂದರು. ತರಬೇತಿಯ ಫಲಿತಾಂಶ ಇನ್ನೂ ನಿರಾಶಾದಾಯಕ. ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಜಾಲದ 2011ರ ಸಮೀಕ್ಷೆಯ ಪ್ರಕಾರ ಎತ್ತುವ ವಿಧಾನದ ಸಲಹೆ, ತರಬೇತಿಗಳು ಕೆಲಸಗಾರರ ಬೆನ್ನುನೋವನ್ನು ತಡೆಯುವುದಿಲ್ಲ. ಸಹಾಯಕ ಸಾಧನಗಳನ್ನು ಜೊತೆಗೆ ಕೊಟ್ಟ ಅಧ್ಯಯನಗಳಲ್ಲೂ ವ್ಯತ್ಯಾಸ ಕಾಣಲಿಲ್ಲವೆಂಬುದನ್ನು ಸಾಧನದ ಪರ ವಾದಿಸುವವರು ಮುಚ್ಚಿಡಬಾರದು. 2020ರ ಇನ್ನೊಂದು ಸಮೀಕ್ಷೆ, ಎತ್ತುವಾಗ ಸೊಂಟ ಎಷ್ಟು ಬಾಗುತ್ತದೆ ಎಂಬುದಕ್ಕೂ ಬೆನ್ನುನೋವಿಗೂ ನಂಬಲರ್ಹ ಸಂಬಂಧ ಸಿಗಲಿಲ್ಲವೆಂದಿತು.

ಭಂಗಿಯ ಪಂಥ ಬದುಕುಳಿದಿರುವುದಕ್ಕೆ ಇನ್ನೊಂದು ಕಾರಣವಿದೆ. ಅದು ಅಗ್ಗ. ಒಂದು ಭಿತ್ತಿಪತ್ರ ಅಂಟಿಸಿದರೆ ಆಯಿತು. ಬೆನ್ನು ಹಿಡಿದರೆ ತಪ್ಪು ಎತ್ತಿದವರದು. ನೋವುಂಡವರ ಮೇಲೆಯೇ ಹೊಣೆ ಹೊರಿಸುವ ಈ ರೀತಿ ವಿಜ್ಞಾನದ ದೃಷ್ಟಿಯಿಂದ ದುರ್ಬಲ, ನ್ಯಾಯದ ದೃಷ್ಟಿಯಿಂದ ಇನ್ನೂ ದುರ್ಬಲ.

ಎರಡನೆಯ ಪಂಥ: ತೂಕದ ಮಿತಿ

ಎತ್ತುವವರನ್ನು ತಿದ್ದುವ ಬದಲು ಹೊರೆಯನ್ನು ಕಟ್ಟಿಹಾಕಿ ಎಂಬುದು ಎರಡನೆಯ ಉತ್ತರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗರಿಷ್ಠ ತೂಕದ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಜೊತೆಗಿನ ಶಿಫಾರಸು ವಯಸ್ಕ ಗಂಡಸಿಗೆ 55 ಕೆಜಿಯ ಮಿತಿ ಹೇಳಿತು. ಭಾರತ ಆ ಒಡಂಬಡಿಕೆಯನ್ನು ಸ್ಥಿರೀಕರಿಸಿದ್ದು 2010ರಲ್ಲಿ. ಅದಕ್ಕೂ ಮೊದಲೇ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು ಹೇಳಿ, ಅಂಕಿ ನಿಗದಿ ಮಾಡುವುದನ್ನು ರಾಜ್ಯಗಳಿಗೆ ಬಿಟ್ಟಿತ್ತು. ಕಟ್ಟಡ ಕಾರ್ಮಿಕರಿಗಾಗಿ 1998ರಲ್ಲಿ ಬಂದ ಕೇಂದ್ರ ನಿಯಮಗಳು ವಯಸ್ಕ ಗಂಡಸಿಗೆ 55, ಹೆಂಗಸಿಗೆ 30 ಕೆಜಿ ಎಂದು ಗೊತ್ತುಮಾಡಿದವು.

ಈ ಒಂಟಿ ಅಂಕಿಗಳನ್ನು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಒಪ್ಪಲಿಲ್ಲ. ಅದು 1981ರಲ್ಲಿ ಸೂತ್ರವೊಂದನ್ನು ಕೊಟ್ಟು 1991ರಲ್ಲಿ ಪರಿಷ್ಕರಿಸಿತು. ಅತ್ಯಂತ ಅನುಕೂಲದ ಸ್ಥಿತಿಯಲ್ಲೂ ಮಿತಿ 23 ಕೆಜಿ. ಹೊರೆ ದೂರವಿದ್ದರೆ, ನೆಲದಿಂದ ಎತ್ತುವುದಾದರೆ, ಮೈ ತಿರುಚಬೇಕಾದರೆ, ಹಿಡಿಕೆ ಸರಿಯಿಲ್ಲದಿದ್ದರೆ, ಪದೇ ಪದೇ ಎತ್ತಬೇಕಾದರೆ ಅದು ಇಳಿಯುತ್ತಾ ಹೋಗುತ್ತದೆ. ನೆಲದ ಮೇಲಿನ ಹೊರೆಯೊಂದು ಕಾಲಿನಿಂದ 50 ಸೆಂ.ಮೀ. ಮುಂದಿದೆ, ಅದನ್ನು ಸೊಂಟದ ಮಟ್ಟಕ್ಕೆ ಎತ್ತಬೇಕು ಎಂದುಕೊಳ್ಳೋಣ. ದೂರಕ್ಕಾಗಿ 23ರಲ್ಲಿ ಅರ್ಧ ಕಳೆಯುತ್ತದೆ, ನೆಲಮಟ್ಟಕ್ಕಾಗಿ ಉಳಿದದ್ದರಲ್ಲಿ ಕಾಲುಭಾಗಕ್ಕೆ ತುಸು ಕಡಿಮೆ, ಎತ್ತುವ ಎತ್ತರಕ್ಕಾಗಿ ಇನ್ನಷ್ಟು. ಕೊನೆಗೆ ಉಳಿಯುವುದು ಸುಮಾರು 8 ಕೆಜಿ. ಒಬ್ಬರು ಆಗೊಮ್ಮೆ ಈಗೊಮ್ಮೆ ಎತ್ತುವ ಲೆಕ್ಕ ಇದು. ನಿಮಿಷಕ್ಕೆ ಹಲವು ಸಲ ಎತ್ತುವುದಾದರೆ ಅದೂ ಹೆಚ್ಚು.

ಭಾರತದಲ್ಲಿ ಸಿಮೆಂಟ್ ಚೀಲದ ತೂಕ 50 ಕೆಜಿ. ಒಂದು ನಿಯಮದ ಪ್ರಕಾರ ಗಂಡಸಿಗೆ ಅದು ಮಿತಿಯೊಳಗಿದೆ, ಇನ್ನೊಂದು ಸೂತ್ರದ ಪ್ರಕಾರ ಮಿತಿಗಿಂತ ಹಲವು ಪಟ್ಟು ಹೆಚ್ಚು. ಬ್ರಿಟನ್ನಿನಲ್ಲಿ 1992ರ ನಿಯಮಾವಳಿಯ ಜೊತೆಗಿನ ಮಾರ್ಗಸೂಚಿ ಗಂಡಸರಿಗೆ ಸೊಂಟದ ಮಟ್ಟದಲ್ಲಿ 25 ಕೆಜಿ ಎಂದಿದೆ. ಅಲ್ಲಿ ಸಿಮೆಂಟ್ ಚೀಲಗಳೂ ಈಗ 25 ಕೆಜಿಯವಾಗಿವೆ. ಕೆಲಸಗಾರರಿಗೆ ಒಂದು ಮಾತೂ ಹೇಳದೆ ಎಲ್ಲರ ಹೊರೆಯನ್ನೂ ಅರ್ಧಕ್ಕಿಳಿಸಿದ ಕ್ರಮ ಅದು. ಚೀಲದ ಅಳತೆ ಬದಲಿಸುವಷ್ಟು ಸರಳವಾದ ಸುಧಾರಣೆ ಈ ಕ್ಷೇತ್ರದಲ್ಲಿ ಬೇರೊಂದಿಲ್ಲ.

ಈ ಪಂಥದ ದೌರ್ಬಲ್ಯ ಜಾರಿಯಲ್ಲಿದೆ. ಕಬ್ಬಿಣದ ತೊಲೆಗೆ, ಗ್ರಾನೈಟ್ ಚಪ್ಪಡಿಗೆ, ಗೇರ್‌ಬಾಕ್ಸಿಗೆ ಚೀಲದಂತೆ ಅರ್ಧ ಅಳತೆ ಮಾಡಲಾಗದು. ಅಲ್ಲಿ ಸಾಧನವೇ ಬೇಕು.

ಮೂರನೆಯ ಪಂಥ: ಸಾಧನಕ್ಕೆ ಕೊಡಿ

ಭಾರ ಮೈಗೆ ತಾಗಲೇಬಾರದು, ಬಲ ಮಾತ್ರ ಮೈಯಿಂದ ಬರಲಿ ಎಂಬುದು ಮೂರನೆಯವರ ಮಾತು. ಈ ಪಂಥ ವಿವರಿಸುವ ಮುಖ್ಯ ಸಂಗತಿಯೆಂದರೆ ಸಾಧನಗಳೆಲ್ಲ ಒಂದೇ ಬಗೆಯಲ್ಲಿ ನೆರವಾಗುವುದಿಲ್ಲ ಎಂಬುದು. ಸಾರವೆಗೆ ಕಟ್ಟಿದ ಒಂಟಿ ರಾಟೆ ಭಾರವನ್ನು ಒಂದು ಗ್ರಾಮ್ ಕೂಡ ಕಡಿಮೆ ಮಾಡದು. ಅದು ಬದಲಿಸುವುದು ಎಳೆತದ ದಿಕ್ಕನ್ನು: ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೆಯಬಹುದು, ಮೈಯ ತೂಕವನ್ನೇ ಬಳಸಬಹುದು, ಬೆನ್ನು ನೆಟ್ಟಗಿರುತ್ತದೆ. ಗಾರೆಯ ಬಕೆಟ್ಟಿಗೆ ಇಷ್ಟೇ ಸಾಕು. ಜೋಡಿ ರಾಟೆ, ವಿಂಚ್, ಚೈನ್ ಬ್ಲಾಕುಗಳಲ್ಲಿ ಬಲವೇ ಕಡಿಮೆಯಾಗುತ್ತದೆ. ಕೈಗಾಡಿಯಲ್ಲಿ ಭಾರದ ಬಹುಪಾಲನ್ನು ಗಾಲಿ ಹೊರುತ್ತದೆ. ಜಾಕ್ ಎತ್ತುವುದಕ್ಕಷ್ಟೇ, ಹಿಡಿದಿಡುವುದು ಅದರ ಕೆಲಸವಲ್ಲ. ವಾಹನವನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಅಡಿಯಲ್ಲಿ ತೂರಿ ಕೆಲಸ ಮಾಡುವವರು, ಒಂದು ಸೀಲ್ ಒಡೆದರೆ ಪ್ರಾಣವನ್ನೇ ತೆತ್ತಾರು. ಸ್ಟ್ಯಾಂಡ್ ಇಟ್ಟ ಮೇಲೆಯೇ ಒಳಗೆ ಹೋಗಬೇಕು.

ಸಾಧನ ಬೆನ್ನಿನ ಅಪಾಯವನ್ನು ತೆಗೆದು ಬೇರೊಂದು ಅಪಾಯವನ್ನು ತರುತ್ತದೆ, ಅದೂ ಒಮ್ಮೆಗೇ ಎರಗುವ ಅಪಾಯವನ್ನು. ಅದರ ಬೇರು ಬಹುಸಲ ಬ್ಲಾಕಿನಲ್ಲಿರದೆ, ಭಾರವನ್ನು ಹುಕ್ಕಿಗೆ ತೂಗುಹಾಕುವ ಸ್ಲಿಂಗಿನಲ್ಲಿರುತ್ತದೆ. ಒಂದು ಟನ್ ತೂಕದ ಮೋಟರನ್ನು ಎರಡು ಎಳೆಯ ಸ್ಲಿಂಗಿನಲ್ಲಿ ಎತ್ತುವಾಗ ಎಳೆಗಳು ನೆಟ್ಟಗಿದ್ದರೆ ಒಂದೊಂದರ ಮೇಲೂ ಅರ್ಧ ಟನ್ ಬೀಳುತ್ತದೆ. ಎಳೆಗಳು ನೆಲಕ್ಕೆ ಸಮಾನಾಂತರವಾದ ರೇಖೆಗೆ 60 ಡಿಗ್ರಿ ಇದ್ದರೆ ಸುಮಾರು 580 ಕೆಜಿ. 30 ಡಿಗ್ರಿಗೆ ಇಳಿದರೆ ಒಂದೊಂದು ಎಳೆಯ ಮೇಲೂ ಪೂರ್ತಿ ಒಂದು ಟನ್. ಗಿಡ್ಡ ಸ್ಲಿಂಗನ್ನು ಅಗಲವಾದ ಭಾರಕ್ಕೆ ಹಾಕುವವರು ಅರಿಯದೆಯೇ ಭಾರವನ್ನು ದುಪ್ಪಟ್ಟು ಮಾಡಿರುತ್ತಾರೆ. ಬ್ಲಾಕನ್ನು ತೂಗುಹಾಕಿದ ಮುಕ್ಕಾಲಿಯ ಕಾಲುಗಳು ನುಣುಪು ನೆಲದ ಮೇಲೆ ಜಾರುವುದು, ಬ್ಲಾಕನ್ನು ಯಾವುದೋ ಪೈಪಿಗೆ ಸಿಕ್ಕಿಸುವುದು ಇದೇ ಸಾಲಿಗೆ ಸೇರಿದವು. ಕಾರ್ಖಾನೆ ಕಾಯ್ದೆಯ 29ನೇ ಕಲಮು ಎತ್ತುವ ಯಂತ್ರ, ಸರಪಳಿ, ಹಗ್ಗಗಳೆಲ್ಲವನ್ನೂ 12 ತಿಂಗಳಿಗೊಮ್ಮೆಯಾದರೂ ಸಮರ್ಥರು ಕೂಲಂಕಷವಾಗಿ ಪರೀಕ್ಷಿಸಬೇಕೆಂದು ವಿಧಿಸಿದ್ದು ಈ ಕಾರಣಕ್ಕೇ.

ನಾಲ್ಕನೆಯ ಪಂಥ: ಕೂಲಿ ಮತ್ತು ಯಂತ್ರದ ಲೆಕ್ಕ

ಕೂಲಿ ಅಗ್ಗವಿರುವಲ್ಲಿ ಸಾಧನವನ್ನು ಯಾರು ಕೊಳ್ಳುತ್ತಾರೆ? ಈ ಪ್ರಶ್ನೆ ಅರ್ಥಶಾಸ್ತ್ರಜ್ಞರದು. ನಾಗಾರ್ಜುನಸಾಗರದಂಥ ಮಹಾ ಅಣೆಕಟ್ಟಿನ ಕಲ್ಲುಗಾರೆ ಕೆಲಸ ಬಹುಮಟ್ಟಿಗೆ ತಲೆಹೊರೆಯ ಮೇಲೆಯೇ ನಡೆಯಿತು. ಅದು ಹಿಂದುಳಿದ ವಿಧಾನವೆಂದು ಕೆಲವರು, ಸಾವಿರಾರು ಕುಟುಂಬಗಳಿಗೆ ಅನ್ನವಾಯಿತೆಂದು ಇನ್ನು ಕೆಲವರು. ವಿಶ್ವಬ್ಯಾಂಕ್ 1971ರಲ್ಲಿ ಕಟ್ಟಡ ಕೆಲಸಗಳಲ್ಲಿ ಕೂಲಿಗೂ ಯಂತ್ರಕ್ಕೂ ನಡುವಣ ಆಯ್ಕೆ ಕುರಿತು ದೀರ್ಘ ಅಧ್ಯಯನ ಕೈಗೊಂಡು, ಭಾರತ ಮತ್ತು ಇಂಡೋನೇಷ್ಯಾಗಳಲ್ಲಿ ಕ್ಷೇತ್ರಕಾರ್ಯ ನಡೆಸಿತು. ರೂಢಿಯಲ್ಲಿದ್ದ ಬುಟ್ಟಿ–ಗುದ್ದಲಿಯ ವಿಧಾನ ಯಂತ್ರದೊಡನೆ ಪೈಪೋಟಿ ಮಾಡಲಾರದು. ಆದರೆ ಒಳ್ಳೆಯ ಕೈಸಾಧನ, ಒಳ್ಳೆಯ ಸಂಯೋಜನೆ, ಕೆಲಸಗಾರರ ಆರೋಗ್ಯ ಈ ಮೂರೂ ಕೂಡಿದರೆ ಅನೇಕ ಕೆಲಸಗಳಲ್ಲಿ ಮಾಡಬಲ್ಲದು ಎಂಬುದು ಅದರ ಮುಖ್ಯ ಫಲಿತಾಂಶ. ಅದೇ ಸುಮಾರಿಗೆ ಇಂಡೋನೇಷ್ಯಾದಲ್ಲಿ ರಕ್ತಹೀನತೆಯಿದ್ದ ಕೆಲಸಗಾರರಿಗೆ ಕಬ್ಬಿಣಾಂಶ ಕೊಟ್ಟಾಗ ಅವರ ದುಡಿಮೆ ಏರಿದ್ದೂ ದಾಖಲಾಯಿತು.

ಇದೇ ದಶಕದಲ್ಲಿ, ಹಳೆಯ ಕೈವಿಧಾನಕ್ಕೂ ದೊಡ್ಡ ಯಂತ್ರಕ್ಕೂ ನಡುವಣ ಮಧ್ಯಮ ತಂತ್ರಜ್ಞಾನದ ವಿಚಾರ ಹಬ್ಬಿತು. ಅರ್ಥಶಾಸ್ತ್ರಜ್ಞ ಷುಮಾಕರ್ ಅದನ್ನು 1973ರ ತಮ್ಮ ಪುಸ್ತಕದಿಂದ ಪ್ರಸಿದ್ಧಗೊಳಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಗ್ರಾಮೀಣ ಕೆಲಸಗಳಿಗೆ ತಕ್ಕ ಸಾಧನಗಳನ್ನು ರೂಪಿಸಿತು. ಸನ್ನೆಯ ಬಲದಿಂದ ಮಣ್ಣಿನ ಇಟ್ಟಿಗೆ ಒತ್ತುವ ಕೈಯಂತ್ರ ಅವುಗಳಲ್ಲೊಂದು. ಎತ್ತುವ ಸಾಧನಗಳ ಮೇಲೆ ಇಷ್ಟು ಅಕ್ಕರೆಯ ದುಡಿಮೆ ನಡೆಯಲಿಲ್ಲ ಎಂಬುದು ಖೇದದ ಸಂಗತಿ. ಮೋಲ್ಡ್ ಹಾಕುವ ದಿನ ಸಾಲಾಗಿ ನಿಂತ ಹೆಂಗಸರು ಕಾಂಕ್ರೀಟಿನ ಬಾಂಡಲಿಗಳನ್ನು ಕೈಯಿಂದ ಕೈಗೆ ದಾಟಿಸುವ ದೃಶ್ಯ, ಟವರ್ ಕ್ರೇನ್ ನಿಂತ ನಗರಗಳಲ್ಲೇ ಸಣ್ಣ ಮನೆಗಳ ಕೆಲಸದಲ್ಲಿ ಉಳಿದುಬಂದಿದೆ. ತಲೆಹೊರೆ ಮತ್ತು ಕ್ರೇನಿನ ನಡುವಣ ಮೆಟ್ಟಿಲುಗಳನ್ನು ಹಾರಿಬಿಟ್ಟದ್ದರ ಪರಿಣಾಮ ಅದು.

ತಲೆಹೊರೆಯ ತಕರಾರು

ತಲೆಯ ಮೇಲೆ ಹೊರುವುದು ಕೆಟ್ಟದ್ದೇ ಎಂಬುದರಲ್ಲೂ ಒಮ್ಮತವಿಲ್ಲ. 1971ರಲ್ಲಿ ಎಸ್. ಆರ್. ದತ್ತ ಮತ್ತು ಎನ್. ಎಲ್. ರಾಮನಾಥನ್ ಹೊರೆ ಹೊರುವ ಏಳು ವಿಧಾನಗಳನ್ನು ಶಕ್ತಿವ್ಯಯದ ಲೆಕ್ಕದಲ್ಲಿ ಹೋಲಿಸಿದರು. ಎದೆಗೂ ಬೆನ್ನಿಗೂ ಅರ್ಧರ್ಧ ಹಂಚಿ ಹೊರುವುದು ಎಲ್ಲಕ್ಕಿಂತ ಹಗುರ, ತಲೆಯ ಮೇಲೆ ಹೊರುವುದು ಅದಕ್ಕೆ ಸಮೀಪ, ಕೈಯಲ್ಲಿ ಹಿಡಿದು ಸಾಗಿಸುವುದು ಎಲ್ಲಕ್ಕಿಂತ ದುಬಾರಿ ಎಂದು ಕಂಡುಬಂತು. 1986ರಲ್ಲಿ ಪೂರ್ವ ಆಫ್ರಿಕದ ಹೆಂಗಸರ ಮೇಲಿನ ಅಧ್ಯಯನವೊಂದು ಮೈತೂಕದ ಶೇ 20ರವರೆಗಿನ ಹೊರೆಯನ್ನು ಅವರು ಹೆಚ್ಚಿನ ಶಕ್ತಿ ವ್ಯಯಿಸದೆಯೇ ಹೊರುತ್ತಾರೆಂದು ಹೇಳಿ ಅಚ್ಚರಿ ಹುಟ್ಟಿಸಿತು. 2010ರಲ್ಲಿ ದಕ್ಷಿಣ ಆಫ್ರಿಕದ ಹೆಂಗಸರ ಮೇಲೆ ನಡೆದ ಪರೀಕ್ಷೆಗಳು ಇದನ್ನು ಸಮರ್ಥಿಸಲಿಲ್ಲ; ಕುತ್ತಿಗೆ ನೋವಿನ ದೂರುಗಳೂ ಆಗ ದಾಖಲಾದವು. ಗಮನಿಸಬೇಕಾದ್ದೆಂದರೆ, ಇವೆಲ್ಲ ಮಟ್ಟಸವಾದ ನೆಲದ ಮೇಲೆ ನಡೆಯುವ ಲೆಕ್ಕಗಳು. ಸಿಂಬಿಯ ಮೇಲೆ ಇಟ್ಟಿಗೆ ಹೊತ್ತು ಸಾರವೆಯ ಹಲಗೆ ಏರುವವರಿಗೆ, ಹೊರೆಯನ್ನು ತಲೆಗೇರಿಸುವ ಮತ್ತು ಇಳಿಸುವ ಕ್ಷಣಗಳಿಗೆ ಅವು ಅನ್ವಯಿಸುವುದಿಲ್ಲ. ಉಸಿರಿನ ಲೆಕ್ಕದಲ್ಲಿ ಅಗ್ಗವಾದದ್ದು ಕುತ್ತಿಗೆಯ ಮೂಳೆಗೆ ಅಗ್ಗವಾಗಬೇಕೆಂದೇನಿಲ್ಲ.

ಇನ್ನೂ ತೀರ್ಮಾನವಾಗದವು

ಸುರಕ್ಷಿತ ತೂಕದ ಅಂಕಿ ಯಾವುದು ಎಂಬುದೇ ಮೊದಲ ಬಗೆಹರಿಯದ ಪ್ರಶ್ನೆ. 23, 25, 55 ಇವೆಲ್ಲ ಬೇರೆ ಬೇರೆ ಆಧಾರಗಳಿಂದ ಹುಟ್ಟಿದ ಅಂಕಿಗಳು. ಬೆನ್ನುಮೂಳೆಯ ಬಿಲ್ಲೆಯ ಮೇಲಿನ ಒತ್ತಡಕ್ಕೆ ಬಳಕೆಯಲ್ಲಿರುವ 3,400 ನ್ಯೂಟನ್ನಿನ ಗಡಿಯೂ ಬಹುಪಾಲು ಮೃತದೇಹಗಳ ಮೂಳೆಗಳ ಪರೀಕ್ಷೆಯಿಂದ ಬಂದದ್ದು. ಒಬ್ಬರಿಂದೊಬ್ಬರಿಗೆ ಅದು ಬಹಳ ಬದಲಾಗುತ್ತದೆ. ಒಂದೇ ಸಲದ ದೊಡ್ಡ ಭಾರ ಹೆಚ್ಚು ಕೆಡುಕೋ, ವರ್ಷಗಟ್ಟಲೆಯ ಸಣ್ಣ ಭಾರಗಳ ಮೊತ್ತವೋ ಎಂಬುದೂ ಹಾಗೇ ಉಳಿದಿದೆ.

ಎರಡನೆಯದು, ಸಾಧನ ಬಂದ ಮೇಲೂ ಬೆನ್ನುನೋವು ಏಕೆ ಇಳಿಯಲಿಲ್ಲ ಎಂಬುದು. ಸಾಧನ ನಿಧಾನ, ಹುಡುಕಿ ತರಬೇಕು, ತುಂಡುಗುತ್ತಿಗೆಯ ಕೂಲಿಯಲ್ಲಿ ಹೊತ್ತು ಕಳೆದರೆ ನಷ್ಟ ಕೆಲಸಗಾರರದೇ ಎಂಬುದು ಒಂದು ವಿವರಣೆ. ಬೆನ್ನುನೋವಿಗೆ ಎತ್ತುವುದೊಂದೇ ಕಾರಣವಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಸರಿಯಾಗಿ ಒರೆಗೆ ಹಚ್ಚಿದಂತಿಲ್ಲ. ಮೈಗೆ ತೊಡುವ ಆಸರೆಚೌಕಟ್ಟುಗಳ ದೀರ್ಘಕಾಲದ ಪರಿಣಾಮವೂ ಪರೀಕ್ಷೆಯ ಹಂತದಲ್ಲೇ ಇದೆ. ಇನ್ನು ಮಹಿಳೆಯರ ಮಿತಿ. ಕಡಿಮೆ ಅಂಕಿ ಅವರನ್ನು ಕಾಪಾಡುತ್ತದೆಯೋ, ಕೆಲಸದಿಂದ ಹೊರಗಿಡುವ ನೆಪವಾಗುತ್ತದೆಯೋ ಎಂಬ ವಾದ ನಡೆದೇ ಇದೆ.

ಕೊನೆಯದು ಕಾನೂನಿನ ವ್ಯಾಪ್ತಿ. ಹಳೆಯ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವಲ್ಲಿ 10, ಬಳಸದಲ್ಲಿ 20 ಕೆಲಸಗಾರರಿದ್ದರೆ ಕಾರ್ಖಾನೆ ಎನ್ನುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಗಡಿಯನ್ನು 20 ಮತ್ತು 40ಕ್ಕೆ ಏರಿಸಿತು. ನಾಲ್ಕಾರು ಜನರ ಗ್ಯಾರೇಜು, ಫ್ಯಾಬ್ರಿಕೇಷನ್ ಶೆಡ್ಡುಗಳು ಮೊದಲೂ ಹೊರಗಿದ್ದವು, ಈಗಲೂ ಹೊರಗಿವೆ. ಅಲ್ಲಿ ತೂಗುವ ಚೈನ್ ಬ್ಲಾಕನ್ನು ಪರೀಕ್ಷಿಸುವ ಹೊಣೆ ಶೆಡ್ಡಿನ ಯಜಮಾನರದೇ. ಹುಕ್ಕಿನ ಬಾಯಿ ಅಗಲವಾಗಿದೆಯೇ, ಅದರ ತಡೆನಾಲಿಗೆ ಮುಚ್ಚಿಕೊಳ್ಳುತ್ತಿದೆಯೇ, ಕೊಂಡಿಗಳು ಸವೆದಿವೆಯೇ, ಏರಿಸುವಾಗ ಚಿಲಕದ ಸದ್ದು ಕೇಳುತ್ತಿದೆಯೇ ಎಂದು ಭಾರ ಹಾಕುವ ಮುನ್ನ ಪ್ರತಿದಿನ ನೋಡಬೇಕು.